ಕಿತ್ತಳೆಯ ಗೂಡುದೀಪಕ್ಕೆ ಒಂದು ಹಿಡಿ ಉಪ್ಪು

ಬೇರೆಯವರು ಕೆಲಸ ಮಾಡುವಾಗ ಕೈಕಟ್ಟಿ ಕೂರುವುದೂ ಒಂದು ವಿದ್ಯೆ. ನಾನು ಶಾಲೆಗೆ ಹೋದದ್ದು ಏಳನೆಯ ಕ್ಲಾಸಿನವರೆಗೆ. ಆ ಪಾಠ ಎಂಟನೆಯದರಲ್ಲಿ ಇತ್ತೋ ಏನೋ. ನನ್ನ ತಂಗಿ ನಳಿನಿ ಬಿ.ಕಾಂ. ಮಾಡಿದವಳು, ಅವಳಿಗೆ ಅದು ಬರುತ್ತದೆ. ನಾನು ಸಾರು ಕುದಿಸುವಾಗ ಅವಳು ಒಂದು ದಿನವೂ ಬಂದು ಸೌಟು ಆಡಿಸಿದವಳಲ್ಲ. ನಾನಾದರೋ ಅವಳು ಮಡಚಿಟ್ಟ ಸೀರೆಯನ್ನು ಬಿಡಿಸಿ ಇನ್ನೊಮ್ಮೆ ಮಡಚುತ್ತೇನೆ. ಅವಳ ಗಂಡ ಗಲ್ಫಿನ ದಮ್ಮಾಮಿನಲ್ಲಿ ಕೆಲಸಕ್ಕಿರುವುದರಿಂದ ಅವಳು ಕುಲಶೇಖರದ ನಮ್ಮ ಮನೆಯಲ್ಲೇ ಇದ್ದಾಳೆ. ಹಾಗಾಗಿ ನನಗೆ ತಿದ್ದಲು ಬೇಕಾದಷ್ಟು ಕೆಲಸ ಸಿಗುತ್ತದೆ.

ಈ ಸಲ ದೀಪಾವಳಿಗೆ ನಮ್ಮ ಓಣಿಯ ಯುವಕ ಮಂಡಲದವರು ಗೂಡುದೀಪ ಸ್ಪರ್ಧೆ ಇಟ್ಟರು. ಬಣ್ಣದ ಕಾಗದದ ಗೂಡುದೀಪ ಎಲ್ಲರೂ ಮಾಡುತ್ತಾರೆ. ನಳಿನಿ ಮೊಬೈಲಿನಲ್ಲಿ ಯಾರೋ ಒಣಗಿಸಿದ ಕಿತ್ತಳೆ ಬಿಲ್ಲೆಗಳನ್ನು ಕಿಟಕಿಗೆ ತೂಗುಹಾಕಿದ್ದನ್ನು ನೋಡಿದ್ದಳಂತೆ. ಬೆಳಕು ಹಿಂದಿನಿಂದ ಬಿದ್ದರೆ ಬಣ್ಣದ ಗಾಜಿನಂತೆ ಕಾಣುತ್ತದಂತೆ. ಬಿದಿರಿನ ಕಡ್ಡಿಯ ಗೂಡು ಕಟ್ಟಿ, ಕಾಗದದ ಬದಲು ಕಿತ್ತಳೆ, ಮೂಸಂಬಿ ಬಿಲ್ಲೆಗಳನ್ನು ಅಂಟಿಸಿ, ಒಳಗೆ ಬಲ್ಬು ಇಡುವುದು ಅವಳ ಯೋಜನೆ. ಅಣಬೆ ಬೆಳೆಸುವುದು, ಕೇಕು, ಮಲ್ಲಿಗೆ ಗಿಡ, ಅವಳು ಶುರು ಮಾಡಿದ್ದು ಯಾವುದೂ ಈವರೆಗೆ ದಡ ಸೇರಿರಲಿಲ್ಲ. ಅವಳ ಗಂಡ ಫೋನಿನಲ್ಲಿ ಅದನ್ನೇ ಹೇಳಿ ನಗುತ್ತಾನೆ. ನಳಿನಿ ನನ್ನ ಹತ್ತಿರ, "ಇದೊಂದು ಸರಿಯಾಗಲಿ ಅಕ್ಕ. ಇಲ್ಲದಿದ್ದರೆ ನನಗೆ ಕೈಗುಣವೇ ಇಲ್ಲ ಅಂತ ಒಪ್ಪಿಕೊಳ್ತೇನೆ" ಎಂದಳು.

ಬಿಲ್ಲೆಗಳನ್ನು ತೆಳ್ಳಗೆ ಕೊಯ್ದು, ಟೆರೇಸಿನಲ್ಲಿ ಹಳೆಯ ಸೊಳ್ಳೆಪರದೆಯ ಮೇಲೆ ಹರಡಿ, ಅವಳು ಸೀರೆ ಅಂಗಡಿಯ ಲೆಕ್ಕ ಬರೆಯಲು ಹೋದಳು. ಬಟ್ಟೆ ಒಣಗಿಸಲು ಹತ್ತಿದ ನಾನು ನೋಡಿದೆ. ಒಂದು ಹರಳು ಉಪ್ಪಿಲ್ಲ. ಮಾವಿನಕಾಯಿ, ಲಿಂಬೆ, ಮೀನು, ನಮ್ಮ ಮನೆಯಲ್ಲಿ ಉಪ್ಪು ಹಾಕದೆ ಟೆರೇಸಿಗೆ ಹೋದದ್ದು ಬಟ್ಟೆ ಮಾತ್ರ. ಬಿ.ಕಾಂ.ನಲ್ಲಿ ಇದನ್ನೆಲ್ಲ ಹೇಳಿಕೊಡುವುದಿಲ್ಲ ಎಂದು ಕನಿಕರವಾಯಿತು. ಕೆಳಗೆ ಹೋಗಿ ಪುಡಿಯುಪ್ಪು ತಂದು, ಒಂದು ಹಿಡಿ ಉದುರಿಸಿ, ಸವರಿ ಬಂದೆ. ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವವಳು ನಾನಲ್ಲ.

ಬಿಲ್ಲೆಗಳು ಚೆನ್ನಾಗಿಯೇ ಒಣಗಿದವು. ಫಂಗಸ್ ಬರಲಿಲ್ಲ ನೋಡು ಎಂದು ಅವಳು ಹಿಗ್ಗಿದಳು. ನಾನು ಮನಸ್ಸಿನಲ್ಲೇ ಹಿಗ್ಗಿದೆ. ಗೂಡುದೀಪ ಮನೆಯೊಳಗೆ ಹೊತ್ತಿದಾಗ ಗೋಡೆಯೆಲ್ಲ ಜೇನಿನ ಬಣ್ಣವಾಯಿತು. ಅಷ್ಟು ಚಂದದ್ದನ್ನು ನಾನು ನೋಡಿರಲಿಲ್ಲ.

ಸ್ಪರ್ಧೆಯ ಸಂಜೆ ಮೋಡ ಕವಿಯಿತು. ಕಡಲಿನ ಕಡೆಯಿಂದ ಒದ್ದೆ ಗಾಳಿ ಬೀಸಿತು. ಇಂಥ ಹವೆಗೆ ನಮ್ಮೂರಿನ ಉಪ್ಪಿನ ಭರಣಿಗಳೇ ನೀರು ಬಿಡುತ್ತವೆ, ಇನ್ನು ಉಪ್ಪು ತಿಂದ ಕಿತ್ತಳೆ ಬಿಡುವುದಿಲ್ಲವೇ? ಸಾಲಾಗಿ ತೂಗಿದ ಗೂಡುದೀಪಗಳ ನಡುವೆ ನಳಿನಿಯದ್ದು ಮೊದಲು ಬೆವರಿತು, ಆಮೇಲೆ ತೊಟ್ಟಿಕ್ಕಿತು. ತೀರ್ಪುಗಾರರು ಕೆಳಗೆ ನಿಂತು ಮೇಲೆ ನೋಡಿದಾಗ ಒಂದು ಹನಿ ಅವರ ಕನ್ನಡಕಕ್ಕೆ ಬಿತ್ತು. ಬಿಲ್ಲೆಗಳು ಒಂದೊಂದಾಗಿ ಜಾರಿದವು. ಕೊನೆಗೆ ಬರೀ ಬಿದಿರು ಮತ್ತು ಬಲ್ಬು ಉಳಿದವು. "ಇದೆಂತದು ಮಾರಾಯ್ರೇ, ಗೂಡುದೀಪಕ್ಕೆ ಶೀತವಾ?" ಎಂದು ಯಾರೋ ಕೇಳಿದರು. ಜನ ನಕ್ಕರು. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದೆ. ಆ ವಿದ್ಯೆ ನನಗೆ ಬಂದದ್ದು ಆ ಒಂದು ಸಂಜೆ ಮಾತ್ರ.

ಮರುದಿನ ಅವಳು ಉಳಿದ ಬಿಲ್ಲೆಗಳನ್ನು ಕಸದ ಚೀಲಕ್ಕೆ ಸುರಿಯುತ್ತಾ, "ಒಪ್ಪಿಕೊಂಡೆ ಅಕ್ಕ. ಇನ್ನು ಇಂಥದ್ದಕ್ಕೆಲ್ಲ ಹೋಗುವುದಿಲ್ಲ" ಎಂದಳು. ಅವಳ ಮುಖ ನೋಡಲಾಗಲಿಲ್ಲ. ಕೈಯಲ್ಲಿದ್ದ ಅಲಸಂಡೆ ಕೆಳಗಿಟ್ಟು ಉಪ್ಪಿನ ವಿಷಯ ಹೇಳಿಬಿಟ್ಟೆ.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿ ಎಳೆದು ಎದುರಿಗೆ ಕುಳಿತಳು.

"ಅಣಬೆ ಚೀಲವನ್ನು ಬಿಸಿಲಿಗೆ ಇಟ್ಟದ್ದು?"

"ವಾಸನೆ ಬರ್ತಾ ಇತ್ತು."

"ಕೇಕು ಬೇಯುವಾಗ ಓವನ್ ತೆಗೆದದ್ದು?"

"ಸ್ವಲ್ಪ ಮಾತ್ರ. ಬೆಂದಿದೆಯಾ ಅಂತ."

"ನನ್ನ ಮಲ್ಲಿಗೆ ಗಿಡ?"

ಅದಕ್ಕೆ ದಿನಾ ಮೀನು ತೊಳೆದ ನೀರು ಹೊಯ್ದದ್ದನ್ನೂ ಒಪ್ಪಿಕೊಂಡೆ. ಒಂದು ತಪ್ಪು ಹೇಳಲು ಕುಳಿತವಳು ನಾಲ್ಕು ಹೇಳಿ ಎದ್ದೆ. ನಳಿನಿ ಮಾತ್ರ ನಗತೊಡಗಿದಳು. "ಹಾಗಾದರೆ ನನ್ನ ಕೈಗುಣಕ್ಕೆ ಎಂತದೂ ಆಗಿಲ್ಲ ಮಾರಾಯ್ತಿ!" ಎನ್ನುತ್ತಾ ದಮ್ಮಾಮಿಗೆ ಫೋನು ಹಚ್ಚಿದಳು. ನನ್ನ ಮಾನ ಅಲ್ಲಿಯವರೆಗೂ ಹೋಯಿತು. ಆದರೆ ಅವಳು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಕೇಳದೆ ಬಹಳ ಕಾಲವಾಗಿತ್ತು. ಹೋಗಲಿ ಎಂದುಕೊಂಡೆ.

ಗೂಡುದೀಪ ಮನೆಯೊಳಗೆ ಹೊತ್ತಿದ್ದನ್ನು ನೋಡಿದ್ದ ಪಕ್ಕದ ಮನೆಯ ಲಿಲ್ಲಿಬಾಯಿ ಈಗ ಕ್ರಿಸ್ಮಸ್‌ಗೆ ಅಂಥದ್ದೇ ನಕ್ಷತ್ರ ಬೇಕೆಂದು ಕೇಳಿದ್ದಾರೆ. ಹೊಸ ಬಿಲ್ಲೆಗಳು ಟೆರೇಸಿನಲ್ಲಿವೆ. ಬಾಗಿಲಿಗೆ ಬೀಗ ಹಾಕಿ ಕೀಯನ್ನು ನಳಿನಿ ಅಂಗಡಿಗೆ ಒಯ್ಯುತ್ತಾಳೆ. ಒಳ್ಳೆಯದೇ ಆಯಿತು. ನನಗೂ ನಿಶ್ಚಿಂತೆ. ಮಧ್ಯಾಹ್ನ ಒಮ್ಮೆ ಮೆಟ್ಟಿಲು ಹತ್ತಿ ಬಾಗಿಲಿನ ಸಂದಿಯಿಂದ ನೋಡಿ ಬರುತ್ತೇನೆ, ಅಷ್ಟೇ. ಆ ಬದಿಯ ಸಾಲನ್ನು ಅವಳು ಇನ್ನೂ ಮಗುಚಿ ಹಾಕಿಲ್ಲ. ನಾನು ಏನೂ ಹೇಳುವುದಿಲ್ಲ. ಒಂದು ಉದ್ದದ ಕಡ್ಡಿ ಸಿಕ್ಕಿದರೆ ಸಂದಿಯಿಂದಲೇ ಮಗುಚಬಹುದಿತ್ತು.