ನಿಂತು ಬರೆಯುವ ಮೇಜಿನ ಫಜೀತಿ

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದದ್ದಿಲ್ಲ. ಗ್ರೈಂಡರ್ ಬಂದ ದಿನ ಬೀದಿಗೆಲ್ಲ ಕರೆಂಟು ಹೋಯ್ತು. ಫ್ರಿಜ್ಜು ಬಂದಾಗ ಅಕ್ಕಪಕ್ಕದವರ ಮೊಸರೆಲ್ಲ ನಮ್ಮಲ್ಲೇ ಬೀಡುಬಿಟ್ಟು, ನಮ್ಮ ಮೊಸರಿಗೆ ಜಾಗ ಸಿಗಲಿಲ್ಲ. ಆದರೆ ಒಂದು ಮೇಜು ಕೊಂಡುಕೊಳ್ಳಲು ಹೋಗಿ ನಾವು ಪಟ್ಟ ಪಾಡಿನ ಮುಂದೆ ಅದೆಲ್ಲ ಏನೂ ಅಲ್ಲ.

ನಾನಿರೋದು ಮುಳಬಾಗಿಲಿನಲ್ಲಿ. ಅಪ್ಪ ಪೌರೋಹಿತ್ಯ ಮಾಡಿಕೊಂಡಿದ್ದವರು. ನಾನು ಮಂಡಿಯವರಿಗೆ, ಅಂಗಡಿಯವರಿಗೆ, ಹಾಲಿನ ಸೊಸೈಟಿಗಳಿಗೆ ಲೆಕ್ಕ ಬರೆದುಕೊಡುವವನು. ಮನೆಯ ಹಜಾರವೇ ಆಫೀಸು. ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ ಕಾಲ. ಕಂಪ್ಯೂಟರ್ ಅಂದರೆ ಟಿವಿಯಷ್ಟು ದಪ್ಪದ ಡಬ್ಬ. ಅದರ ಮುಂದೆ ಬಗ್ಗಿ ಕೂತು ಕೂತು ಒಂದು ದಿನ ಎದ್ದೇಳಲು ಹೋದರೆ ಸೊಂಟದ ಮೇಲಿನ ಅರ್ಧ ಎದ್ದಿತು, ಕೆಳಗಿನ ಅರ್ಧ ಏಳಲಿಲ್ಲ.

ಬಸ್ಸಿನಲ್ಲಿ ನಿಂತವನು

ಕೋಲಾರದ ಮೂಳೆ ಡಾಕ್ಟರ ಹತ್ತಿರ ಹೋದೆ. ಬೆನ್ನನ್ನು ಅಲ್ಲಲ್ಲಿ ಒತ್ತಿ ನೋಡಿ ಕೇಳಿದರು, "ಏನು ಕೆಲಸ ಮಾಡ್ತೀರಿ?"

"ಕೂತ್ಕೊಂಡು ಲೆಕ್ಕ ಬರೀತೀನಿ ಸಾರ್."

"ಎಷ್ಟು ಹೊತ್ತು ಕೂರ್ತೀರಿ?"

"ಲೆಕ್ಕ ಮುಗಿಯೋವರೆಗೂ."

"ಹಾಗಾದ್ರೆ ನಿಮ್ಮ ಬೆನ್ನಿನ ಲೆಕ್ಕ ಮೊದಲು ಮುಗಿಯುತ್ತೆ" ಅಂದರು. "ಸ್ವಲ್ಪ ದಿನ ಕೂರಲೇಬೇಡಿ. ಆಮೇಲೆ ಬೆಳಿಗ್ಗೆ ಹೊತ್ತು ನಿಂತು ಕೆಲಸ ಮಾಡಿ, ಸಂಜೆ ಕೂತು ಮಾಡಿ. ಏರಿಸಿ ಇಳಿಸೋ ಅಂಥ ಮೇಜು ಒಂದು ಮಾಡಿಸ್ಕೊಳ್ಳಿ. ಗಟ್ಟಿಯಾಗಿರ್ಬೇಕು, ಅಲ್ಲಾಡಬಾರದು. ಹಿಂಗೇ ಬಿಟ್ರೆ ಆಪರೇಷನ್ನೇ ಗತಿ."

ಆ ಕೊನೆಯ ಮಾತು ಸಾಕಾಯಿತು. ಪಥ್ಯ ಅವತ್ತಿನಿಂದಲೇ ಶುರು ಮಾಡಿದೆ. ವಾಪಸು ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೆ.

"ಮುಂದೆ ಸೀಟಿದೆ, ಕೂತ್ಕೊಳ್ಳಿ ಸಾರ್" ಅಂದ ಕಂಡಕ್ಟರು.

"ಬೇಡಪ್ಪ, ಡಾಕ್ಟ್ರು ಕೂರಬೇಡ ಅಂದಿದ್ದಾರೆ."

ಪಕ್ಕದಲ್ಲಿ ಖಾಲಿ ಟೊಮೇಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, "ಅಯ್ಯೋ ಪಾಪ, ಮೂಲವ್ಯಾಧೀನಾ ನಾಯನಾ?" ಅಂದಳು.

"ಅಲ್ಲಮ್ಮ, ಬೆನ್ನು."

"ಎಲ್ರೂ ಬೆನ್ನು ಅಂತಲೇ ಹೇಳೋದು" ಅಂದಳು.

ಅಲ್ಲಿಗೆ ಬಸ್ಸಿಗೆಲ್ಲ ಗೊತ್ತಾಯಿತು. ಹಿಂದಿನ ಸೀಟಿನವರು ಸುವರ್ಣಗಡ್ಡೆ ಪಲ್ಯ ತಿನ್ನಿ ಅಂದರು. ಅದರ ಪಕ್ಕದವರು ಗಡ್ಡೆ ಬೇಡ, ಮಜ್ಜಿಗೆ ಕುಡೀರಿ ಅಂದರು. ಅವರಿಬ್ಬರಿಗೂ ಜಗಳವಾಯಿತು. ಡ್ರೈವರು ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಖಾರ ಬಿಟ್ಬಿಡಿ ಸಾಮಿ" ಅಂದ. ಬೆನ್ನು, ಬೆನ್ನು ಅಂತ ನಾನು ಹೇಳಿದಷ್ಟೂ ಅವರಿಗೆ ಕನಿಕರ ಜಾಸ್ತಿಯಾಯಿತು.

ಮುಳಬಾಗಿಲಿನಲ್ಲಿ ಇಳಿಯುವಾಗ ಕಂಡಕ್ಟರು ನನ್ನ ಜೊತೆಗೇ ಕೆಳಗಿಳಿದು, ಯಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ ಬಂದ.

"ಸಾರ್, ನನಗೂ ಇದೆ. ಯಾವ ಡಾಕ್ಟ್ರು ಅಂದ್ರಿ?"

ಪಾರಾಯಣ

ಸರಿಯಾದ ಮೇಜು ಸಿಗುವವರೆಗೂ ಕೆಲಸ ನಿಲ್ಲಿಸುವಂತಿರಲಿಲ್ಲ. ಇದ್ದ ಮೇಜಿನ ಮೇಲೆ ಊಟದ ಮಣೆ ಇಟ್ಟೆ. ಎತ್ತರ ಸಾಲಲಿಲ್ಲ. ಅದರ ಮೇಲೆ ಅಪ್ಪನ ವ್ಯಾಸಪೀಠ ಇಟ್ಟೆ. ಸರಿಹೋಯಿತು.

ಅಪ್ಪ ಬಂದು ನೋಡಿದರು. "ಅಲ್ವೋ, ಭಾಗವತ ಇಡೋ ಜಾಗದಲ್ಲಿ ಹಿಂಡಿ ಬೂಸಾ ಲೆಕ್ಕ ಇಟ್ಟಿದ್ದೀಯಲ್ಲೋ!"

"ಹಸುವಿನದೇ ಅಲ್ವಾಪ್ಪ, ಪರವಾಗಿಲ್ಲ" ಅಂದೆ. ಗೊಣಗಿಕೊಂಡು ಹೋದರು.

ಆ ಹೊತ್ತಿಗೆ ಹಳ್ಳಿಯಿಂದ ಹಾಲಿನ ಸೊಸೈಟಿಯ ಸೆಕ್ರೆಟರಿ ಬಂದ. ಹೊಸಬ. ನಾನು ವ್ಯಾಸಪೀಠದ ಮುಂದೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಮನಸ್ಸಿನಲ್ಲೇ ಕೂಡುವ ಲೆಕ್ಕ ಮಾಡುತ್ತಿದ್ದೆ. ಅವನು ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ, ಕೈ ಮುಗಿದು ನಿಂತುಬಿಟ್ಟಿದ್ದಾನೆ. ನನಗೆ ಗೊತ್ತೇ ಇಲ್ಲ. ಲೆಕ್ಕ ತಪ್ಪಿತು, ಮೊದಲಿಂದ ಕೂಡಿದೆ. ಅವನೂ ನಿಂತೇ ಇದ್ದ.

ಕೊನೆಗೆ ಕಣ್ಣು ಬಿಟ್ಟು, "ಓ, ಯಾವಾಗ ಬಂದ್ರಿ?" ಅಂದೆ.

"ನೀವು ಮುಗಿಸಿ ಸ್ವಾಮಿ, ನನಗೇನೂ ಅರ್ಜೆಂಟಿಲ್ಲ" ಅಂದ ಭಕ್ತಿಯಿಂದ.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಕಾಫಿ ತಂದಳು. ಅವನು ಲೋಟ ತೆಗೆದುಕೊಳ್ಳಲಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿ, ಬಗ್ಗಿ ನಿಂತ.

"ಸುಡುತ್ತೆ ರೀ, ಲೋಟ ಹಿಡ್ಕೊಳ್ಳಿ!" ಅಂತ ಅವಳು ಹಿಂದಕ್ಕೆ ಹಾರಿದಳು.

ಸರ್ಜಿಕಲ್ ಅಂಗಡಿ

ಮತ್ತೆ ಕೋಲಾರಕ್ಕೆ ಹೋಗಿ ಫರ್ನಿಚರ್ ಅಂಗಡಿಗಳನ್ನೆಲ್ಲ ಸುತ್ತಿದೆ. "ಏರಿಸಿ ಇಳಿಸೋ ಮೇಜು ಇದೆಯಾ?" ಅಂದರೆ ಒಬ್ಬರು ಮಡಚುವ ಮೇಜು ತೋರಿಸಿದರು, ಇನ್ನೊಬ್ಬರು ತಿರುಗುವ ಕುರ್ಚಿ ತೋರಿಸಿದರು. ಮತ್ತೊಬ್ಬರು ಮಾತ್ರ ಯೋಚಿಸಿ, "ನೀವು ಹೇಳೋದು ಇಲ್ಲಿ ಸಿಗಲ್ಲ, ಆಸ್ಪತ್ರೆ ಸಾಮಾನಿನ ಅಂಗಡೀಲಿ ಕೇಳಿ" ಅಂತ ದಾರಿ ಹೇಳಿದರು.

ಅಲ್ಲಿ ನಿಜವಾಗಿಯೂ ಇತ್ತು. ಕೆಳಗಿನ ಪೆಡಲ್ ತುಳಿದರೆ ಸೊಯ್ ಅಂತ ಮೇಲೇಳುವ ಮೇಜು. ಅಲುಗಾಡಿಸಿದರೆ ಬಂಡೆಯ ಹಾಗೆ ನಿಂತಿತ್ತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಪೇಷೆಂಟ್ ಎಷ್ಟು ತೂಕ?" ಅಂಗಡಿಯವರು ಕೇಳಿದರು.

"ಪೇಷೆಂಟ್ ನಾನೇ."

"ಹಾಗಿದ್ರೆ ಹತ್ತಿ ಮಲಗಿ ನೋಡಿ."

"ನಾನು ಮಲಗಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡೋದು."

ಅವರು ಧಡಕ್ಕನೆ ಎದ್ದು ನಿಂತರು. "ಕ್ಷಮಿಸಿ ಡಾಕ್ಟ್ರೇ, ಗೊತ್ತಾಗ್ಲಿಲ್ಲ. ಹೊಸ ನರ್ಸಿಂಗ್ ಹೋಮ್ ಮಾಡ್ತಿದ್ದೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಕೂರೋ ಹಾಗಿಲ್ಲ. ಡಾಕ್ಟ್ರೂ ಅಲ್ಲ ರೀ, ಟ್ಯಾಕ್ಸ್ ಲೆಕ್ಕ ಬರೆಯೋನು."

ಬೆಲೆ ಕೇಳಿ ನಾನು ನಿಧಾನವಾಗಿ ಬಾಗಿಲ ಕಡೆ ತಿರುಗಿದೆ. ಅವರಿಗೆ ಗಿರಾಕಿ ಬಿಡಲು ಮನಸ್ಸಿಲ್ಲ.

"ಯೋಚನೆ ಮಾಡಿ ಸಾರ್. ನಿಮ್ಮದೂ ಆಪರೇಷನ್ನೇ ಅಲ್ವಾ? ಡಾಕ್ಟ್ರು ಮತ್ತಿನ ಇಂಜೆಕ್ಷನ್ ಕೊಟ್ಟು ಕುಯ್ತಾರೆ, ನೀವು ಹಾಗೇ ಕುಯ್ತೀರಿ, ಅಷ್ಟೇ ವ್ಯತ್ಯಾಸ."

ಮಾಲೂರಿನ ಜಾಕ್

ಮಾಲೂರಿನಲ್ಲಿ ನನ್ನ ಭಾವಮೈದನಿಗೆ ಪರಿಚಯದ ವೆಲ್ಡರ್ ಒಬ್ಬನಿದ್ದ. ವಿಷಯ ಹೇಳಿದ್ದೇ ತಡ, "ಲಾರೀನೇ ಎತ್ತೋದಿದೆ, ನಿಮ್ಮ ಕಂಪ್ಯೂಟರ್ ಯಾವ ಲೆಕ್ಕ ಸಾರ್?" ಅಂದ. ಹಳೇ ಲಾರಿ ಜಾಕ್ ಒಂದನ್ನು ಕಬ್ಬಿಣದ ಕಂಬಕ್ಕೆ ಕೂರಿಸಿ, ಮೇಲೆ ಹಲಗೆ ಬಿಗಿದು ಕಳಿಸಿದ. ಕಡ್ಡಿ ತೂರಿಸಿ ಪಂಪ್ ಹೊಡೆದರೆ ಮೇಜು ಮೇಲಕ್ಕೆ ಬರುತ್ತಿತ್ತು. ಗ್ರೀಸಿನ ವಾಸನೆಗೆ ಅಪ್ಪ ಹಜಾರಕ್ಕೆ ಬರುವುದನ್ನೇ ಬಿಟ್ಟರು. ಆದರೂ ನನಗೆ ಖುಷಿಯೋ ಖುಷಿ.

ಆದರೆ ಬೆನ್ನು ನೋವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನ ಹಿಡಿದುಕೊಳ್ಳುತ್ತಿತ್ತು, ಸಂಜೆಗೆ ಪ್ರಾಣ ಹೋಗುತ್ತಿತ್ತು. ಕಾರಣ ಕಂಡುಹಿಡಿದವಳು ಹೆಂಡತಿ. ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು, "ಅದ್ಯಾಕ್ರೀ ಗದ್ದೆ ನಾಟಿ ಮಾಡೋರ ಥರ ಬಗ್ಗಿದ್ದೀರಿ?"

ನೋಡುತ್ತೇನೆ, ಬೆಳಿಗ್ಗೆ ಎದೆಯ ಹತ್ತಿರ ಇದ್ದ ಮೇಜು ತೊಡೆಯ ಹತ್ತಿರಕ್ಕೆ ಬಂದಿದೆ. ಜಾಕ್‌ನಲ್ಲಿ ಎಣ್ಣೆ ಸೋರಿ ಅದು ಕಣ್ಣಿಗೆ ಕಾಣದ ಹಾಗೆ ಇಳಿಯುತ್ತಿದೆ. ನಾನೂ ಲೆಕ್ಕದ ಗುಂಗಿನಲ್ಲಿ ಅದರ ಜೊತೆಗೇ ಬಗ್ಗುತ್ತಾ ಹೋಗಿದ್ದೇನೆ.

ಸಿಟ್ಟಿನಿಂದ ವೆಲ್ಡರ್‌ಗೆ ಫೋನ್ ಮಾಡಿದೆ. "ಏನಪ್ಪಾ, ಮೇಜು ತಾನಾಗೇ ಇಳಿದುಹೋಗುತ್ತಲ್ಲ!"

"ಬೆಳಿಗ್ಗೆ ಮೇಲಿರ್ಬೇಕು, ಸಂಜೆ ಕೆಳಗಿರ್ಬೇಕು ಅಂದೋರು ನೀವೇ ಅಲ್ವಾ ಸಾರ್?"

"ಹೌದು..."

"ಅದಕ್ಕೇ. ಆಟೋಮ್ಯಾಟಿಕ್!"

ನಾಲ್ಕು ಜನ ಬೇಕು

ಕೊನೆಗೆ ಸರಿಯಾದ ಮೇಜು ಮಾಡಿಕೊಟ್ಟವರು ಶ್ರೀನಿವಾಸಪುರದ ವಯಸ್ಸಾದ ಬಡಗಿ. ಮಾವಿನ ಹಲಗೆ ಹಾಕೋಣವೇ ಅಂದರೆ, "ಮಾವು ಹಣ್ಣಿಗೆ ಸರಿ, ಮೇಜಿಗೆ ಬೇವು" ಅಂದರು. ಟೊಳ್ಳು ಕಾಲು, ಅದರೊಳಗೆ ಇನ್ನೊಂದು ಕಾಲು, ಎರಡಕ್ಕೂ ತೂತು, ತೂತಿಗೆ ಕಬ್ಬಿಣದ ಗೂಟ. ಗೂಟ ತೆಗೆದು, ಮೇಜು ಎತ್ತಿ, ಮೇಲಿನ ತೂತಿಗೆ ಗೂಟ ಹಾಕಿದರೆ ಮುಗಿಯಿತು. ಆನೆ ಹತ್ತಿ ಕುಣಿದರೂ ಅಲ್ಲಾಡುವುದಿಲ್ಲ. ಎತ್ತಲು ಮಾತ್ರ ನಾಲ್ಕು ಮೂಲೆಗೆ ನಾಲ್ಕು ಜನ ಬೇಕು.

"ಇಷ್ಟು ಭಾರ ಮಾಡಿದ್ದೀರಲ್ಲ ಆಚಾರ್ರೇ?"

"ಗಟ್ಟಿ ಬೇಕಂದ್ರಿ, ಮಾಡ್ದೆ. ಏರಿಸಿ ಇಳಿಸೋದು ಬೇಕಂದ್ರಿ, ಮಾಡ್ದೆ. ಹಗುರ ಬೇಕು ಅಂತ ನೀವು ಅನ್ಲೇ ಇಲ್ಲವಲ್ಲ!"

ಹೀಗಾಗಿ ಬೆಳಿಗ್ಗೆ ಮೇಜು ಎತ್ತಲು, ಸಂಜೆ ಇಳಿಸಲು ಬೀದಿಯವರು ಬರುವುದು ಅಭ್ಯಾಸವಾಯಿತು. ಹಿಟ್ಟಿನ ಗಿರಣಿಯವರು, ಟೈಲರು, ರಿಟೈರಾದ ಮೇಷ್ಟ್ರು, ಎದುರುಮನೆಯ ಪೋಸ್ಟ್‌ಮ್ಯಾನು. ಗೂಟ ಹಾಕುವುದು ನಾನು, ಆಮೇಲೆ ಕಾಫಿ ಕೊಡುವುದು ಹೆಂಡತಿ. ಬೆನ್ನೂ ಗುಣವಾಗುತ್ತಾ ಬಂತು.

ಒಮ್ಮೆ ಅಪ್ಪ ಜ್ವರ ಬಂದು ಒಂದು ವಾರ ಮಲಗಿದ್ದರು. ಅದು ನಂಗಲಿ ಕಡೆಯ ಅವರ ಬಾಲ್ಯದ ಗೆಳೆಯರೊಬ್ಬರಿಗೆ, ನಾನು ಮಾವ ಅಂತ ಕರೆಯುವವರಿಗೆ, ತಿಳಿದು, ನೋಡಿಕೊಂಡು ಹೋಗೋಣ ಅಂತ ಬೆಳಗಿನ ಬಸ್ಸಿಗೆ ಬಂದಿದ್ದಾರೆ. ನಮ್ಮ ಬೀದಿಯ ತಿರುವಿಗೆ ಬರುವಾಗ, ನಾನು ಗಿರಣಿಯ ಮುಂದೆ ನಿಂತು ಅವಸರದಲ್ಲಿ ಹೇಳಿದ್ದು ಅವರ ಕಿವಿಗೆ ಬಿದ್ದಿದೆ: "ಬೇಗ ಬನ್ನಿ, ಎತ್ತಬೇಕು. ಹೊತ್ತಾಗ್ತಾ ಇದೆ. ಮಿಕ್ಕ ಮೂರು ಜನ ಆಗಲೇ ಬಂದಿದ್ದಾರೆ."

ಅವರು ಅಲ್ಲೇ ಕುಸಿದು ಕೂತರಂತೆ. ಸುಧಾರಿಸಿಕೊಂಡು, ಹೂವಿನಂಗಡಿಗೆ ಹೋಗಿ ದೊಡ್ಡ ಸುಗಂಧರಾಜದ ಹಾರ ತೆಗೆದುಕೊಂಡು ಮನೆಗೆ ಬಂದರು. ಅಷ್ಟರಲ್ಲಿ ಮೇಜು ಎತ್ತಿ, ಕಾಫಿ ಕುಡಿದು ಎಲ್ಲರೂ ಹೋಗಿಯಾಗಿತ್ತು. ನಾನು ಜಗುಲಿಯ ಮೇಲಿದ್ದೆ. ಕೈಯಲ್ಲಿ ಹಾರ ನೋಡಿ, ಹೊಸ ಮೇಜಿನ ಸುದ್ದಿ ನಂಗಲಿಗೂ ಮುಟ್ಟಿ ಪೂಜೆಗೆ ತಂದಿದ್ದಾರೆ ಅಂದುಕೊಂಡೆ. ಕಣ್ಣು ಕೆಂಪಗಿತ್ತು. ಬಸ್ಸಿನ ಧೂಳು ಅಂದುಕೊಂಡೆ.

"ಎಷ್ಟು ಹೊತ್ತಿಗೆ ಎತ್ತೋದಪ್ಪಾ?" ಅಂದರು.

"ಆಗಲೇ ಎತ್ತಿ ಆಯ್ತಲ್ಲ ಮಾವ."

"ನಾನು ಬರೋ ಮುಂಚೇನೇ ಎತ್ತಿಬಿಟ್ರಾ? ಒಂದು ಸಲ ನೋಡೋಕೂ ಆಗ್ಲಿಲ್ಲವಲ್ಲೋ!"

"ಅದಕ್ಯಾಕೆ ಬೇಜಾರು? ಒಳಗೇ ಇದೆ, ನೋಡೋರಂತೆ ಬನ್ನಿ."

"ಒಳಗೇನಾ? ಎತ್ತಿ ಆಯ್ತು ಅಂದೆ?"

"ಎತ್ತಿ, ಕಿಟಕಿ ಹತ್ತಿರ ನಿಲ್ಲಿಸಿದ್ದೀವಿ ಮಾವ. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ."

"ನಿಲ್ಲಿಸಿದ್ದೀರಾ!"

"ಹೂಂ. ಸಂಜೆ ಇಳಿಸ್ತೀವಿ. ನಾಳೆ ಬೆಳಿಗ್ಗೆ ಮತ್ತೆ ನಾಲ್ಕು ಜನ ಬಂದು ಎತ್ತಬೇಕು. ಡಾಕ್ಟ್ರು ದಿನಾ ಹಾಗೇ ಮಾಡಿ ಅಂದಿದ್ದಾರೆ."

ಅವರು ಜಗುಲಿಯ ಕಂಬ ತಬ್ಬಿಕೊಂಡು, ನನಗೆ ದುಃಖದಲ್ಲಿ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದರು. ಅಷ್ಟು ಹೊತ್ತಿಗೆ, ಜ್ವರ ಬಿಟ್ಟ ಮೇಲೆ ಮೊದಲ ಸ್ನಾನ ಮುಗಿಸಿದ ಅಪ್ಪ, ಬಿಳಿ ಪಂಚೆ ಹೊದ್ದು ಒಳಗಿನಿಂದ ಮೆಲ್ಲಗೆ ಹೊಸಿಲಿಗೆ ಬಂದು ನಿಂತರು.

ಮಾವ ಕಿಟಾರನೆ ಕಿರುಚಿ, ಮೆಟ್ಟಿಲು ಮರೆತು ನೇರ ಬೀದಿಗೆ ಇಳಿದರು. ಆಮೇಲೆ ಅಲ್ಲಿಂದಲೇ, ಅಳುತ್ತಾ ನಗುತ್ತಾ, "ಲೇ, ಇದ್ದೀಯೇನೋ ನೀನು!" ಅಂದರು.

ಅಪ್ಪ ಹಾರ ನೋಡಿದರು. ಗೆಳೆಯನ ಮುಖ ನೋಡಿದರು. ಎಲ್ಲ ಅರ್ಥವಾಯಿತು. ನಿಧಾನವಾಗಿ ಜಗುಲಿಯ ಮೇಲೆ ಕೂತು ಕತ್ತು ಮುಂದೆ ಚಾಚಿದರು.

"ಬಾರೋ, ಹಾಕು. ತಂದಿದ್ದೀಯ, ವಾಪಸು ತಗೊಂಡು ಹೋಗ್ಬೇಡ. ಆಮೇಲೆ ಹಾಕಿದ್ರೆ ಘಮಘಮ ಅನ್ನೋದು ನಿನಗೆ ಮಾತ್ರ ಕಣೋ, ನನಗೆಲ್ಲಿ ಗೊತ್ತಾಗುತ್ತೆ?"