ಮೂರು ವಿದ್ಯೆ, ಒಂದು ಜಾಲಿಮುಳ್ಳು

ಐವತ್ತರ ದಶಕದ ಕೊನೆಯಲ್ಲಿ ನಾನು ಆದೋನಿಯಲ್ಲಿ ದವಾಖಾನೆ ತೆರೆದೆ. ನನ್ನಷ್ಟು ಓದಿದ ವೈದ್ಯ ಇಡೀ ತಾಲ್ಲೂಕಿನಲ್ಲಿ ಇಲ್ಲವೆಂದು ನನಗೆ ಖಾತ್ರಿಯಿತ್ತು! ಮೊದಲು ಮನಶ್ಶಾಸ್ತ್ರದಲ್ಲಿ ಬಿ.ಎ. ಆಮೇಲೆ ಮದರಾಸಿನ ಕಚೇರಿಯೊಂದರಲ್ಲಿ ಕಂಪ್ಯೂಟರ್ ಹುದ್ದೆ. ಆಗ ಕಂಪ್ಯೂಟರ್ ಎಂದರೆ ಹಿಡಿಕೆಯ ಯಂತ್ರ ತಿರುಗಿಸುತ್ತ ಲೆಕ್ಕ ಹಾಕುವ ಗುಮಾಸ್ತ. ಕೊನೆಗೆ ವೈದ್ಯಕೀಯ. ಮೇಜಿನ ಮೇಲೆ ಸ್ಟೆತಾಸ್ಕೋಪಿನ ಪಕ್ಕ ಅಂಥದೊಂದು ಹಳೆಯ ಯಂತ್ರವನ್ನೂ ಇಟ್ಟಿದ್ದೆ.

ಎರಡು ತಿಂಗಳಾದರೂ ನೊಣ ಬಿಟ್ಟರೆ ಯಾರೂ ಬರಲಿಲ್ಲ.

"ಇನ್ನೊಂದು ತಿಂಗಳು ನೋಡ್ರಿ. ಇಲ್ಲಾಂದ್ರ ಮದರಾಸಿಗೆ ಹೋಗಿ ಮತ್ತ ಹಿಡಿಕಿ ತಿರುವ್ರಿ" ಎಂದು ಹೆಂಡತಿ ಗಂಗಮ್ಮ ಗಡುವು ಕೊಟ್ಟಳು.

ಆಗ ಬಂದರು ಪೆದ್ದಕಡುಬೂರಿನ ಈರಣ್ಣಜ್ಜ. ಅವರು ಹೂಂ ಅಂದರೆ ಊರಿಗೆ ಊರೇ ಹಿಂದೆ ಬರುತ್ತದೆ. ಅಜ್ಜ ಕುರ್ಚಿಯಲ್ಲಿ ಕೂತು, ಬಲಗೈ ಚಾಚಿ, ಸುಮ್ಮನಾದರು.

"ಏನು ತೊಂದರೆ, ಅಜ್ಜಾ?" ಮಾತಿಲ್ಲ. "ಎಲ್ಲಿ ನೋವು?" ಮಾತಿಲ್ಲ!

ನನ್ನೊಳಗಿನ ಮನಶ್ಶಾಸ್ತ್ರಜ್ಞ ಎಚ್ಚೆತ್ತ. ಇದು ಅದುಮಿಟ್ಟ ದುಃಖವೇ ಸರಿ! ಬಾಲ್ಯ ಕೇಳಿದೆ, ಕನಸು ಕೇಳಿದೆ, ತಾಯಿ ಬೈದದ್ದುಂಟೇ ಎಂದೂ ಕೇಳಿದೆ. ಅಜ್ಜನ ಹುಬ್ಬು ಮೇಲೇರಿತೇ ಹೊರತು ಬಾಯಿ ತೆರೆಯಲಿಲ್ಲ. ಕೊನೆಗೆ ಮೂರು ಸಲ ನಾಡಿ ಎಣಿಸಿ, ಸರಾಸರಿ ತೆಗೆಯಲು ಯಂತ್ರವನ್ನು ಗರಗರ ತಿರುಗಿಸಿದೆ.

ಅಜ್ಜ ಬಾಯಿ ಬಿಟ್ಟರು. "ಕೈ ಹಿಡಿ ಅಂದ್ರ ಗಿರಣಿ ತಿರುವಾಕ ಹತ್ತೀಯಲ್ಲಪಾ!"

ಅಷ್ಟರಲ್ಲಿ ಗಂಗಮ್ಮ ಒಳಮನೆಯಿಂದ ನೀರಿನ ತಂಬಿಗೆ ತಂದಳು. "ಏನ್ರೀ, ಅಜ್ಜಾರು ಕುಂಟಕೋತ ಬಂದ್ರು. ಕಾಲು ನೋಡಿದಿರೇನು?"

ನೋಡಿರಲಿಲ್ಲ. ಕಾಲು ಮೇಜಿನ ಕೆಳಗಿತ್ತು! ಹಿಮ್ಮಡಿ ಬಾತಿತ್ತು, ಒಳಗೆ ಮುರಿದ ಜಾಲಿಮುಳ್ಳು.

"ಮೊದಲೇ ಹೇಳಬಾರದಾ, ಅಜ್ಜಾ?"

"ನಾನ ಹೇಳೋದಾದ್ರ ನೀ ಎದಕ್ಕಪಾ?"

ಅಲ್ಲೇ ಹತ್ತಿರದ ಗೋನೆಗಂಡ್ಲದಲ್ಲಿ ಹುಟ್ಟಿ ಬೆಳೆದ ಗಂಗಮ್ಮ ನಕ್ಕಳು. "ನಮ್ಮ ಕಡೆ ಹಂಗ ರೀ. ವೈದ್ಯ ಆದಾಂವ ನಾಡಿ ಹಿಡದು ರೋಗ ತಾನ ಹೇಳಬೇಕು. ಕೇಳಿದಾಂವಗ ಏನೂ ಬರಂಗಿಲ್ಲ ಅಂತಾರ."

ಅಜ್ಜ ಕಾಲನ್ನು ಗಂಗಮ್ಮನ ಕಡೆಗೇ ಚಾಚಿದರು. ನಾನು ಚಿಮಟ ಕುದಿಸಿಕೊಟ್ಟೆ. ಗಂಗಮ್ಮ ಒಂದೇ ಎಳೆತಕ್ಕೆ ಮುಳ್ಳು ಕಿತ್ತಳು. ಅಜ್ಜ ಅವಳಿಗೆ ಕೈಮುಗಿದು ಹೋದರು.

ಮುಂದಿನ ವಾರ ಪೆದ್ದಕಡುಬೂರಿನಿಂದ ಎರಡು ಬಂಡಿ ತುಂಬ ರೋಗಿಗಳು! ನಾನು ಕೋಟು ತೊಟ್ಟು, ಸ್ಟೆತಾಸ್ಕೋಪ್ ಕೊರಳಿಗೆ ಹಾಕಿ, ಈ ಸಲ ಒಂದು ಪ್ರಶ್ನೆಯನ್ನೂ ಕೇಳಬಾರದೆಂದು ನಿರ್ಧರಿಸಿ ಕೂತೆ. ಪ್ರಶ್ನೆ ಅವರೇ ಕೇಳಿದರು.

"ಗಿರಣಿ ತಿರುವೋ ಕಾಂಪೌಂಡರ್ ನೀವೇನ್ರಿ? ದಾಕ್ಟರಮ್ಮಗಾರ್ನ ಕರೀರಿ."

ಒಳಗೆ ಹೋಗಿ ಕರೆದೆ. ಹಾಗೇ ಚಿಮಟವನ್ನೂ ಕುದಿಯಲು ಇಟ್ಟೆ.