ಹವಾಲ್ದಾರರ ಕಾರಿನ ಬಾಗಿಲು

ಹಳೆಯ ಕಾರಿನ ಮಡ್‌ಗಾರ್ಡಿನ ಅಂಚು ತೋರಿಸಿದರೆ ಸಾಕು, ಅದರ ಪೂರ್ತಿ ಜಾತಕ ಬರೆದುಕೊಡುತ್ತೇನೆ! ಆಲ್ದೂರಿನ ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮುಟ್ಟಿ ನಾನು ಹೀಗೆ ಘೋಷಿಸಿದ್ದೆ. ಕೇಳಿಸಿಕೊಂಡವರು ಮೊಳೆ ಕೊಳ್ಳಲು ಬಂದವರು. ಮೊಳೆ ಕೈಗೆ ಬರುವವರೆಗೆ ತಲೆಯಾಡಿಸಿದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಈ ವಿದ್ಯೆ ನನಗೆ ದಕ್ಕಿದ್ದು 'ಹಳೇ ಚಕ್ರ' ಎಂಬ ವಾಟ್ಸಾಪ್ ಗುಂಪಿನಿಂದ. ಮಲ್ಲಂದೂರಿನ ಮಲ್ಲೇಶ್ ಅದರ ಅಡ್ಮಿನ್. ಗುಂಪಿನಲ್ಲಿ ಹಳೆಯ ಕಾರು ಇರುವವರು ಯಾರೂ ಇಲ್ಲ, ಹಾಗಾಗಿ ಚರ್ಚೆಗೆ ಯಾವ ಅಡ್ಡಿಯೂ ಇಲ್ಲ.

ಹೀಗಿರುವಾಗ ನಮ್ಮೂರಿನ ಟೀಚರ್ ಪ್ರೇಮಕುಮಾರಿ ಮೇಡಂ, ಈ ಸೀಮೆಯಿಂದ ಸೈನ್ಯಕ್ಕೆ ಹೋದವರ ಹಳೆಯ ಫೋಟೋಗಳ ಪ್ರದರ್ಶನ ಏರ್ಪಡಿಸಿದರು. ಮನೆಯವರು ಮೊಬೈಲಿನಲ್ಲಿ ಫೋಟೋ ಕಳಿಸಿದರೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕುವ ಏರ್ಪಾಡು.

ನನ್ನ ಅತ್ತೆ ಸರೋಜಮ್ಮನವರ ತಂದೆ ಹವಾಲ್ದಾರ್ ಷಡಕ್ಷರಿ. ಅವರು ಯೂನಿಫಾರಂ ತೊಟ್ಟು ನಿಂತ ಫೋಟೋ ಇರುವುದು ಒಂದೇ ಒಂದು, ಅದೂ ಅಂಗೈಯಗಲದ್ದು. ಅತ್ತೆ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

"ನಮ್ಮಪ್ಪನ್ನ ಒಂದ್ಸಲ ನಾಲ್ಕು ಜನ ನೋಡ್ಲಿ ಅಂತ ಆಸೆ, ಅಳಿಯಂದ್ರೆ."

ನೋಡಿದೆ. ಹವಾಲ್ದಾರರ ಹಿಂದೆ ಸೊಟ್ಟ ದೀಪದ ಒಂದು ಕಾರು ನಿಂತಿತ್ತು!

"ಭುವನಾ, ಕಾರು!"

"ಅಜ್ಜನ ಮೀಸೆ ನೋಡ್ರೀ, ಎಷ್ಟು ಚೆನ್ನಾಗಿದೆ" ಎಂದಳು ನನ್ನ ಹೆಂಡತಿ.

"ಮೀಸೆ ಎಲ್ರಿಗೂ ಇರುತ್ತೆ ಮಾರಾಯ್ತಿ. ಕಾರು ಎಲ್ರಿಗೂ ಇರುತ್ತಾ?"

ತೊಡಕೊಂದೇ. ಬಾಗಿಲ ಹಿಡಿ ನೋಡದೆ ಇಸವಿ ಹೇಳಬಾರದೆಂಬುದು ನಮ್ಮ ಗುಂಪಿನ ಕಟ್ಟಳೆ. ಹವಾಲ್ದಾರರು ಸರಿಯಾಗಿ ಬಾಗಿಲಿಗೇ ಅಡ್ಡ ನಿಂತಿದ್ದರು. ನನ್ನ ಮೊಬೈಲಿನಲ್ಲೊಂದು ಸೌಲಭ್ಯವಿದೆ: ಬೇಡವಾದದ್ದರ ಸುತ್ತ ಬೆರಳಾಡಿಸಿದರೆ ಅದು ಅಳಿಸಿಹೋಗುತ್ತದೆ, ಆ ಜಾಗವನ್ನು ಮೊಬೈಲೇ ತುಂಬುತ್ತದೆ. ಕಳಸದಲ್ಲಿ ತೆಗೆದ ನಮ್ಮ ಫೋಟೋದಿಂದ ಯಾರದೋ ಕೊಡೆಯನ್ನು ಹೀಗೆಯೇ ತೆಗೆದಿದ್ದೆ. ಅತ್ತೆ ಕೊಟ್ಟ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹವಾಲ್ದಾರರ ಸುತ್ತ ಬೆರಳಾಡಿಸಿದೆ. ಶತ್ರುವಿಗೆ ಬೆನ್ನು ತೋರಿಸದ ವೀರರು ಮಗಳ ಅಳಿಯನ ತೋರುಬೆರಳಿಗೆ ಸದ್ದಿಲ್ಲದೆ ಮರೆಯಾದರು. ಅವರಿದ್ದಲ್ಲಿ ಒಂದು ಬಾಗಿಲು, ಬಾಗಿಲಿಗೆ ಫಳಫಳ ಹೊಳೆಯುವ ಹಿಡಿ!

ಗುಂಪಿಗೆ ಹಾಕಿದೆ. ಮಲ್ಲೇಶ್ ತೀರ್ಪು ಕೊಟ್ಟ: "ಈ ಹಿಡಿ ಮೂವತ್ತೆಂಟರ ಆಸ್ಟಿನ್‌ಗೆ ಬಿಟ್ರೆ ಬೇರೆ ಯಾವುದಕ್ಕೂ ಇಲ್ಲ ಸಾರ್!"

ಆ ಹಿಗ್ಗಿನಲ್ಲೇ ಮೇಡಂಗೆ ಫೋಟೋ ಕಳಿಸಿದೆ. ಕೆಳಗೆ ಬರೆದೆ: 'ಹವಾಲ್ದಾರ್ ಷಡಕ್ಷರಿ, ತಮ್ಮ ಸ್ವಂತ 1938ರ ಆಸ್ಟಿನ್ ಕಾರಿನೊಂದಿಗೆ.' ಅವರು ಫೋನ್ ಮಾಡಿ, "ಸಾರ್, ಫೋಟೋ ಇದೇನಾ? ಸರಿಯಾಗಿದ್ಯಾ?" ಎಂದರು.

"ನೂರಕ್ಕೆ ನೂರು ಸರಿ ಮೇಡಂ" ಎಂದೆ. ಕಳಿಸಿದ್ದನ್ನು ತೆರೆದು ನೋಡುವಷ್ಟು ಅನುಮಾನ ನನ್ನ ಸ್ವಭಾವದಲ್ಲಿಲ್ಲ.

ಪ್ರದರ್ಶನದ ದಿನ ಅತ್ತೆ ಮದುವೆಗಳಿಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟರು. ಸೇವಂತಿಗೆ ಹಾರವನ್ನು ತಾವೇ ಕಟ್ಟಿದ್ದರು. ಸಭಾಂಗಣದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಿಂಟು ನಮ್ಮದೇ. ಅದರಲ್ಲಿ ಒಂದು ಕಾರು. ಕಾರಿನ ಕೆಳಗೆ ಹವಾಲ್ದಾರರ ಹೆಸರು. ಹವಾಲ್ದಾರರು ಮಾತ್ರ ಎಲ್ಲೂ ಇಲ್ಲ!

ಹಿರಿಯರೊಬ್ಬರು ಬಗ್ಗಿ ಕಾರಿನ ಕಿಟಕಿಯೊಳಗೆ ಇಣುಕಿದರು. "ಒಳಗೆ ಕೂತಿರ್ಬೇಕು" ಎಂದು ಪಕ್ಕದವರಿಗೆ ತಿಳಿಸಿದರು.

ಅತ್ತೆ ಹಾರ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿದರು. "ಅಳಿಯಂದ್ರೆ, ನಮ್ಮಪ್ಪ ಎಲ್ಲಿ?"

ಅವರ ಮುಖ ನೋಡಲಾಗದೆ ಪಕ್ಕದ ಪ್ರಿಂಟಿನ ಕಡೆ ತಿರುಗಿದೆ. ಅದು ಅಲ್ಲೇ ನಿಂತಿದ್ದ ನಮ್ಮೂರಿನ ಚನ್ನಕೇಶವನ ತಂದೆಯ ಫೋಟೋ. ಅವರೂ ಸಿಪಾಯಿ. ಅವರ ಹಿಂದೆಯೂ ಅದೇ ಕಾರು, ಅದೇ ಸೊಟ್ಟ ದೀಪ! ಮಾನ ಉಳಿಸಿಕೊಳ್ಳುವ ದಾರಿ ಸಿಕ್ಕಿತು ಎಂದುಕೊಂಡೆ.

"ಚನ್ನಕೇಶವ, ನಿಮ್ಮಪ್ಪ ನಮ್ಮ ಕಾರನ್ನ ಕೇಳಿ ತಗೊಂಡಿದ್ರೇನಯ್ಯಾ?"

"ಏನಂದ್ರಿ ವೀರೇಂದ್ರಣ್ಣ! ನಾವು ಕಾರು ಕದ್ದೋರಾ?" ಚನ್ನಕೇಶವ ತೋಳೇರಿಸಿದ. ಭುವನಾ ನಡುವೆ ಬಂದು ನಿಂತಳು.

"ಸುಮ್ನಿರಿ ಇಬ್ರೂ" ಎಂದರು ಅತ್ತೆ. "ಅದು ಚಿಕ್ಕಮಗಳೂರಿನ ಸ್ಟುಡಿಯೋದಲ್ಲಿ ಇಟ್ಟಿದ್ದ ಹಲಗೆ. ಬಣ್ಣ ಬರೆದ ಹಲಗೆ! ರಜಕ್ಕೆ ಬಂದ ಮಿಲಿಟರಿಯವ್ರೆಲ್ಲ ಅದ್ರ ಮುಂದೆ ನಿಂತೇ ಫೋಟೋ ತೆಗೆಸ್ಕೊಳ್ತಿದ್ರು. ನಾನು ಸಣ್ಣೋಳು, ಕಾರಲ್ಲಿ ಕೂರ್ತೀನಿ ಅಂತ ಹಟ ಮಾಡಿದ್ದೆ. ಅಪ್ಪ ಎತ್ಕೊಂಡ್ ಹೋಗಿ ಹಿಂದ್ಗಡೆ ತೋರ್ಸಿದ್ರು. ಎರಡು ಗೂಟ ಕೊಟ್ಟು ನಿಲ್ಸಿದ್ರು, ಅಷ್ಟೇ."

"ಅತ್ತೆ, ಮೊದ್ಲೇ ಹೇಳ್ಬಾರ್ದಿತ್ತಾ? ಬಾಗಿಲ ಹಿಡಿ ಕಾಣ್ಲಿ ಅಂತ ಅವ್ರನ್ನ ಮೊಬೈಲಲ್ಲಿ ಅಳಿಸಿದ್ದೆ."

"ನೀವು ಕೇಳಿದ್ರಾ? ನಿಜವಾಗಿ ಇದ್ದೋರನ್ನ ಅಳಿಸ್ಬಿಟ್ಟು, ಹಲಗೆಗೆ ಬಾಗಿಲು ಇಡಿಸಿದ್ರಲ್ಲ ಅಳಿಯಂದ್ರೆ!"

ಅವರ ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹೊಸ ಪ್ರಿಂಟಿಗೆ ಹೊತ್ತಿರಲಿಲ್ಲ. ಭುವನಾ ತನ್ನ ಚೀಲದಿಂದ ಆ ಅಂಗೈಯಗಲದ ಫೋಟೋ ತೆಗೆದು ನನ್ನ ಕೈಗಿಟ್ಟು, "ಹಿಡ್ಕೊಂಡು ನಿಂತ್ಕೊಳ್ರಿ" ಎಂದಳು. ಆಸ್ಟಿನ್ ಕಾರಿಗೆ ಬೆನ್ನು ಹಾಕಿ, ಫೋಟೋವನ್ನು ಎದೆಗೆ ಹಿಡಿದು ನಿಂತೆ. ಹಾರ ಫೋಟೋಗಿಂತ ದೊಡ್ಡದಾದ್ದರಿಂದ ಅತ್ತೆ ಅದನ್ನು ನನ್ನ ಕೊರಳಿಗೇ ಹಾಕಿ, ಹವಾಲ್ದಾರರ ಸುತ್ತ ಬರುವಂತೆ ಸರಿಮಾಡಿದರು.

ಸಂಜೆ ಮಲ್ಲೇಶ್ ಜೀಪಿನಲ್ಲಿ ಬಂದಿಳಿದ. ನಾನು ಹಿಡಿದಿದ್ದ ಫೋಟೋದ ಹತ್ತಿರ ಮೂಗು ತಂದು ನೋಡಿ ನಿಟ್ಟುಸಿರು ಬಿಟ್ಟ.

"ಛೆ, ಇದ್ರಲ್ಲಿ ಈ ಅಜ್ಜ ಅಡ್ಡ ನಿಂತಿದಾರಲ್ಲ ಸಾರ್! ಇಲ್ದಿದ್ರೆ ಹಿಡಿ ಕಾಣಿಸ್ತಿತ್ತು."

"ಅವ್ರು ಅಲ್ಲೇ ನಿಂತಿರ್ಲಿ ಮಾರಾಯ" ಎಂದೆ.

ಅತ್ತೆ ಹಾರ ಹಾಕಿದ ಮೇಲೆ ಮೊದಲ ಸಲ ನನ್ನತ್ತ ನೋಡಿ ತಲೆಯಾಡಿಸಿದರು. ಇದು ಒಪ್ಪಿಗೆಯೇ ಸರಿ ಎಂದು ನಾನು ಎದೆಯುಬ್ಬಿಸುವಷ್ಟರಲ್ಲಿ ಹತ್ತಿರ ಬಂದು ನನ್ನ ಮೊಣಕೈ ಎತ್ತಿದರು.

"ಸ್ವಲ್ಪ ಮೇಲಕ್ಕೆ ಹಿಡೀರಿ. ನಿಮ್ಮ ಮುಖ ಮುಚ್ಚಿದ್ರೂ ಪರವಾಗಿಲ್ಲ, ನಮ್ಮಪ್ಪಂದು ಕಾಣ್ಲಿ."